ಮುದಿ ಕುರಿಯ ಆರೈಕೆ: ಕಕ್ಕಡಕ್ಕೆ ಮೊದಲೇ ನೋಡಬೇಕಾದದ್ದು

ಏಳೆಂಟು ವರ್ಷ ದಾಟಿದ ಕುರಿಯೊಂದು ಮಂದೆಯಿಂದ ಹಿಂದೆ ಉಳಿಯತೊಡಗಿದರೆ, ಬೆನ್ನೆಲುಬು ಎದ್ದು ಕಂಡರೆ, ಹಾಕಿದ ಮೇವನ್ನು ಅರ್ಧಕ್ಕೇ ಬಿಟ್ಟರೆ, ‘ವಯಸ್ಸಾಯಿತು’ ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆದರೆ ಬರೀ ವಯಸ್ಸಿನಿಂದಲೇ ಸಾಯುವ ಕುರಿಗಳು ತೀರಾ ಕಡಿಮೆ. ಹಲ್ಲು ಸವೆದು ಮೇವು ನುರಿಯಲಾಗದೆ, ಹೊಟ್ಟೆಯ ಹುಳು ರಕ್ತ ಹೀರಿ, ಗೊರಸು ಕೊಳೆತು ಮೇವಿನವರೆಗೆ ನಡೆಯಲಾಗದೆ, ಇಲ್ಲವೇ ಯಕೃತ್ತು ಕೆಟ್ಟು ಅವು ಸೊರಗುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಕೈಯಿಂದ ಮುಟ್ಟಿ ನೋಡಿಯೇ ಗುರುತಿಸಬಹುದು, ಕೆಲವನ್ನು ಸರಿಪಡಿಸಲೂಬಹುದು. ಕೊಡಗಿನಲ್ಲಿ ಈ ಪರೀಕ್ಷೆಯನ್ನು ಮುಂಗಾರು ಹಿಡಿಯುವ ಮುಂಚೆಯೇ ಮಾಡಿ ಮುಗಿಸಬೇಕು, ಏಕೆಂದರೆ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಸೊರಗಿದ ಕುರಿಗೆ ಮೈ ತುಂಬಿಸುವುದು ಬಹಳ ಕಷ್ಟ.

ಮೂಲತಃ ಕೊಡಗು ಕುರಿಯ ಸೀಮೆಯಲ್ಲ. ಕುರಿಗೆ ಒಗ್ಗುವುದು ಒಣ ನೆಲ, ಗಿಡ್ಡ ಹುಲ್ಲು, ಬಿಸಿಲು. ಜಿಲ್ಲೆಯ ಪೂರ್ವದಂಚಿನಲ್ಲಿ, ಕುಶಾಲನಗರ ಮತ್ತು ಶನಿವಾರಸಂತೆಯ ಕಡೆ, ಮೈಸೂರು ಹಾಗೂ ಹಾಸನ ಜಿಲ್ಲೆಗಳ ಬಯಲಿಗೆ ತಾಗಿದಂತೆ ಮಳೆ ಇಳಿಮುಖವಾಗುವುದರಿಂದ ಅಲ್ಲಿ ಕುರಿ ಸಾಕುವುದು ಅಷ್ಟೇನೂ ಕಷ್ಟವಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಬಯಲುಸೀಮೆಯ ಸಂತೆಯಿಂದ ಮರಿಯಾಗಿ ತಂದ ಬನ್ನೂರು ತಳಿಯ ಕುರಿ ಇಂಥ ಮಳೆಯ ಊರಿನ ಕಾಫಿ ತೋಟದ ಮನೆಯಲ್ಲಿ ಮುದಿಯಾಗುವುದೆಂದರೆ, ತನಗೆ ಒಗ್ಗದ ಹವೆಯಲ್ಲಿ ಹತ್ತು ಮಳೆಗಾಲ ಕಳೆಯುವುದೆಂದೇ ಅರ್ಥ. ಹೆಚ್ಚಿನ ಕುರಿಗಳು ಆ ವಯಸ್ಸಿಗೆ ಮೊದಲೇ ಮಾಂಸಕ್ಕೆ ಹೋಗುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಉಳಿಯುವುದು ಬಾಟಲಿ ಹಾಲು ಕುಡಿಸಿ ಮಕ್ಕಳು ಬೆಳೆಸಿದ ಕುರಿ, ಹೋಂಸ್ಟೇಯ ಅಂಗಳದಲ್ಲಿ ಅತಿಥಿಗಳಿಗೆ ಒಗ್ಗಿಹೋದ ಕುರಿ, ನಾಲ್ಕಾರು ಸೂಲು ಮರಿ ಕೊಟ್ಟು ಮನೆಯವರ ಮನಸ್ಸಿಗೆ ಹತ್ತಿರವಾದ ತಾಯಿಕುರಿ. ಈ ಲೇಖನ ಅಂಥವನ್ನು ಸಾಕುವವರಿಗಾಗಿ.

ಚೆನ್ನಾಗಿ ಸಾಕಿದ ಕುರಿ ಹತ್ತರಿಂದ ಹನ್ನೆರಡು ವರ್ಷ ಬದುಕಬಲ್ಲದು. ಅದರ ಮುಪ್ಪು ಶುರುವಾಗುವುದು ಬಾಯಿಯಿಂದ. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿಯಾದ ವಸಡಷ್ಟೇ ಇದೆ. ಕೆಳದವಡೆಯ ಎಂಟು ಬಾಚಿಹಲ್ಲುಗಳು ಆ ವಸಡಿಗೆ ಒತ್ತಿ ಹುಲ್ಲನ್ನು ಕತ್ತರಿಸುತ್ತವೆ. ಹಾಲುಹಲ್ಲು ಬಿದ್ದು ಸುಮಾರು ಒಂದೂಕಾಲು ವರ್ಷದಿಂದ ಜೋಡಿಜೋಡಿಯಾಗಿ ಶಾಶ್ವತ ಹಲ್ಲು ಬರುತ್ತಾ, ನಾಲ್ಕು ವರ್ಷದ ಹೊತ್ತಿಗೆ ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ಹೊಸ ಹಲ್ಲಿಲ್ಲ. ಇರುವ ಹಲ್ಲುಗಳೇ ಉದ್ದವಾಗಿ, ನಡುವೆ ಸಂದು ಬಿಟ್ಟು, ಅಲ್ಲಾಡಿ, ಒಂದೊಂದಾಗಿ ಉದುರುತ್ತವೆ. ಕೆಳತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿದರೆ ಇಷ್ಟೂ ಕಾಣುತ್ತದೆ, ಮತ್ತು ಹೆಚ್ಚಿನವರು ನೋಡುವುದು ಇಷ್ಟನ್ನೇ.

ನಿಜವಾದ ತೊಂದರೆ ಇರುವುದು ಅದರ ಹಿಂದೆ. ಎರಡೂ ದವಡೆಗಳಲ್ಲಿ ಒಟ್ಟು 24 ದವಡೆಹಲ್ಲುಗಳಿದ್ದು, ಮೆಲುಕು ಹಾಕುವ ಕೆಲಸವೆಲ್ಲ ಅವುಗಳದ್ದು. ಮುಂದಿನ ಹಲ್ಲು ಹೋದ ಕುರಿ ಕತ್ತರಿಸಿ ಹಾಕಿದ ಮೇವನ್ನು ತಿಂದು ಚೆನ್ನಾಗಿಯೇ ಬದುಕುತ್ತದೆ. ದವಡೆಹಲ್ಲು ಹೋದ ಕುರಿ ತೊಟ್ಟಿಯ ಮುಂದೆ ನಿಂತೇ ಹಸಿಯುತ್ತದೆ. ಇದನ್ನು ತಿಳಿಯಲು ಬಾಯೊಳಗೆ ಬೆರಳು ಹಾಕುವ ಅಗತ್ಯವಿಲ್ಲ, ಹಾಕಲೂಬಾರದು, ಆ ಹಲ್ಲುಗಳ ಅಂಚು ಬಹಳ ಹರಿತ. ಕುರಿಯ ತಲೆಯನ್ನು ತೊಡೆಗೆ ಒತ್ತಿ ಹಿಡಿದು, ಕೆನ್ನೆಯ ಹೊರಗಿನಿಂದಲೇ ಎರಡೂ ಬದಿ ಹೆಬ್ಬೆರಳನ್ನು ಹಲ್ಲಿನ ಸಾಲಿನುದ್ದಕ್ಕೆ ಒತ್ತುತ್ತಾ ಸಾಗಿದರೆ, ಹಲ್ಲಿಲ್ಲದ ಕಡೆ ಬೆರಳು ಒಳಕ್ಕೆ ಇಳಿಯುತ್ತದೆ, ಚೂಪಾದ ಹಲ್ಲು ಕೆನ್ನೆಗೆ ಚುಚ್ಚುವ ಕಡೆ ಕುರಿ ತಲೆ ಕೊಡವುತ್ತದೆ, ನುರಿಯದ ಮೇವು ಕೆನ್ನೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ಗಂಟಿನಂತೆ ಕೈಗೆ ಸಿಗುತ್ತದೆ. ಬಾಯಿಯ ದುರ್ವಾಸನೆ, ತುಟಿಯಂಚಿನ ಹಸಿರು ಜೊಲ್ಲು, ಮಲಗಿದ ಜಾಗದಲ್ಲಿ ಬಿದ್ದಿರುವ ಅರೆಜಗಿದ ಮೇವಿನ ಉಂಡೆ, ದವಡೆಯ ಮೂಳೆಯ ಮೇಲೆ ಎದ್ದಿರುವ ಗಟ್ಟಿ ಬಾವು ಇವೆಲ್ಲ ಇದೇ ತೊಂದರೆಯ ಗುರುತುಗಳು. ಚೂಪಾದ ಅಂಚನ್ನು ಉಜ್ಜಿ ನಯಗೊಳಿಸುವುದು ಪಶುವೈದ್ಯರ ಕೆಲಸ, ಉಳಿದದ್ದೆಲ್ಲ ಮೇವಿನ ಬದಲಾವಣೆಯಿಂದ ಆಗಬೇಕು.

ಎರಡನೆಯ ಪರೀಕ್ಷೆ ಬೆನ್ನಿನದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಂಗೈ ಇಟ್ಟು, ಬೆನ್ನೆಲುಬಿನ ಮೇಲ್ತುದಿಯನ್ನೂ ಅದರ ಇಕ್ಕೆಲಗಳಲ್ಲಿ ಅಡ್ಡಕ್ಕೆ ಚಾಚಿರುವ ಮೂಳೆಗಳ ತುದಿಯನ್ನೂ ಮುಟ್ಟಿ ನೋಡಬೇಕು. ಒಂದರಿಂದ ಐದರವರೆಗೆ ಅಂಕ ಕೊಡುವ ಈ ಕ್ರಮದಲ್ಲಿ, ಮೂಳೆಗಳು ಚೂಪಾಗಿ ತಾಗಿ ಬೆರಳು ಅವುಗಳ ಅಡಿಗೆ ಸಲೀಸಾಗಿ ಹೋದರೆ ಒಂದು. ಒತ್ತಿದರಷ್ಟೇ ದುಂಡಗೆ ತಾಗಿದರೆ ಮೂರು. ಕೊಬ್ಬಿನಲ್ಲಿ ಮೂಳೆಯೇ ಸಿಗದಿದ್ದರೆ ಐದು. ಮುದಿ ಕುರಿ ಮಳೆಗಾಲಕ್ಕೆ ಹೋಗುವಾಗ ಮೂರರ ಆಸುಪಾಸಿನಲ್ಲಿರಬೇಕು, ಎರಡಕ್ಕಿಂತ ಕೆಳಗಿದ್ದರೆ ಏಪ್ರಿಲ್‌ನಿಂದಲೇ ಮೇವು ಹೆಚ್ಚಿಸಬೇಕು. ಕಣ್ಣಳತೆಯನ್ನು ನಂಬುವಂತಿಲ್ಲ. ತುಪ್ಪಳ ಮೈಯನ್ನು ಮರೆಸುತ್ತದೆ, ಹೊಟ್ಟೆಯಲ್ಲಿ ತುಂಬಿದ ಒಣಹುಲ್ಲು ಕುರಿಯನ್ನು ದುಂಡಗೆ ತೋರಿಸುತ್ತದೆ.

ಚೆನ್ನಾಗಿ ತಿಂದೂ ಸೊರಗುವ ಕುರಿಯಲ್ಲಿ ಮೊದಲ ಅನುಮಾನ ಹುಳುವಿನ ಮೇಲೆ ಹೋಗಬೇಕು. ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸಿ ರಕ್ತ ಹೀರುವ ಹಿಮಾಂಕಸ್ ಎಂಬ ದುಂಡುಹುಳು ಬೆಚ್ಚಗಿನ, ಒದ್ದೆ ಹವೆಯ ಜೀವಿ. ಒಂದು ಹೆಣ್ಣುಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆಗಳು ಒಡೆದು ವಾರದೊಳಗೇ ಲಾರ್ವಾಗಳಾಗಿ ಒದ್ದೆ ಹುಲ್ಲನ್ನು ಹತ್ತಿ ಕೂರುತ್ತವೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ತೆಗೆಯುತ್ತದೆಂದು ಲೆಕ್ಕ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. ಮೂವತ್ತು ಕಿಲೋ ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿನಷ್ಟು. ಹರೆಯದ ಕುರಿ ಈ ನಷ್ಟವನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ. ಪ್ರಾಯ ಕಳೆದು ಮೈ ಇಳಿದ ಕುರಿಗೆ ಆ ಶಕ್ತಿಯೂ ಇಲ್ಲ, ಹುಳುವನ್ನು ತಡೆಯುವ ರೋಗನಿರೋಧಕತೆಯೂ ಕುಂದಿರುತ್ತದೆ.

ಈ ರಕ್ತದ ಕೊರತೆಯನ್ನು ಗುರುತಿಸಲು ದಕ್ಷಿಣ ಆಫ್ರಿಕಾದ ಪಶುವೈದ್ಯರು 1990ರ ದಶಕದಲ್ಲಿ ರೂಪಿಸಿದ ಫಮಾಚ ಎಂಬ ವಿಧಾನ ಬಹಳ ಸರಳವಾದದ್ದು. ಮೇಲಿನ ರೆಪ್ಪೆಯಿಂದ ಕಣ್ಣನ್ನು ಹಗುರವಾಗಿ ಒತ್ತಿ, ಕೆಳರೆಪ್ಪೆಯನ್ನು ಜಗ್ಗಿದಾಗ ಕಾಣುವ ಒಳಪೊರೆಯ ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡಬೇಕು. ಕೆಂಪಾಗಿದ್ದರೆ ಒಂದು, ಸುಣ್ಣದ ಬಿಳುಪಾದರೆ ಐದು. ಮುದಿ ಕುರಿಯಲ್ಲಿ ಬಣ್ಣ ಮೂರಕ್ಕೆ ಬಂದಾಗಲೇ ವೈದ್ಯರಿಗೆ ತೋರಿಸುವುದು ಕ್ಷೇಮ. ದವಡೆಯ ಕೆಳಗೆ ಮೆತ್ತಗಿನ ಊತ ಕಂಡು, ಮೇಯ್ದು ಬಂದ ಸಂಜೆ ಅದು ಹೆಚ್ಚಾಗಿ ಬೆಳಿಗ್ಗೆ ಕಡಿಮೆಯಾಗುತ್ತಿದ್ದರೆ ರಕ್ತದ ಕೊರತೆ ಆಗಲೇ ಬಹಳ ಮುಂದುವರಿದಿದೆ ಎಂದು ತಿಳಿಯಬೇಕು. ಗದ್ದೆ ಬಯಲಿನಲ್ಲಿ ಮೇಯುವ ಕುರಿಗಳಲ್ಲಿ ಇದೇ ಲಕ್ಷಣಗಳನ್ನು ಯಕೃತ್ತಿನ ಚಪ್ಪಟೆಹುಳುವೂ ತೋರಿಸುತ್ತದೆ. ನೀರಿನ ಬಸವನಹುಳುಗಳ ಮೂಲಕ ಹರಡುವ ಅದಕ್ಕೆ ಬೇರೆಯೇ ಔಷಧಿ ಬೇಕು. ಆದ್ದರಿಂದ ಅಂಗಡಿಯಿಂದ ಯಾವುದೋ ಒಂದು ಜಂತುನಾಶಕ ತಂದು ಅಂದಾಜಿನಲ್ಲಿ ಕುಡಿಸುವ ಬದಲು, ಬೆಳಗಿನ ಹೊಸ ಹಿಕ್ಕೆಯನ್ನು ಶುಚಿಯಾದ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಬೇಕು, ತೂಕ ನೋಡಿ ಪ್ರಮಾಣ ನಿರ್ಧರಿಸಬೇಕು. ಕಡಿಮೆ ಪ್ರಮಾಣದಲ್ಲಿ ಪದೇಪದೇ ಕೊಟ್ಟ ಔಷಧಿ ಹುಳುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಔಷಧಿಗೆ ಬಗ್ಗದ ಹುಳುಗಳನ್ನು ಬೆಳೆಸುತ್ತದೆ. ಹುಳುವಿಲ್ಲ, ಹಲ್ಲು ಸರಿಯಾಗಿದೆ, ಮೇವು ತಿನ್ನುತ್ತದೆ, ಆದರೂ ತಿಂಗಳುಗಟ್ಟಲೆ ಮೈ ಇಳಿಯುತ್ತಿದೆ ಎಂದಾದರೆ ಕರುಳಿನ ಜೋನ್ಸ್ ರೋಗವನ್ನು ಅನುಮಾನಿಸಬೇಕಾಗುತ್ತದೆ. ದನಗಳಲ್ಲಿ ಭೇದಿಯಾಗಿ ಕಾಣಿಸಿಕೊಳ್ಳುವ ಇದು ಕುರಿಗಳಲ್ಲಿ ಯಾವಾಗಲೂ ಹಾಗೆ ಕಾಣಿಸಿಕೊಳ್ಳುವುದಿಲ್ಲ, ವಾಸಿಯಾಗುವುದೂ ಇಲ್ಲ.

ಮೇವಿನ ವಿಷಯಕ್ಕೆ ಬಂದರೆ, ಹಲ್ಲು ಕಳೆದ ಕುರಿಗೂ ನಾರಿನ ಮೇವೇ ಆಧಾರ, ಅದನ್ನು ನಾವು ನುರಿಸಿಕೊಡಬೇಕಷ್ಟೆ. ಹಸಿಹುಲ್ಲನ್ನು ಬೆರಳ ಗೆಣ್ಣಿನಷ್ಟುದ್ದಕ್ಕೆ ಕತ್ತರಿಸಿ, ಒಣಹುಲ್ಲಿಗೆ ಉಗುರುಬೆಚ್ಚಗಿನ ನೀರು ಚಿಮುಕಿಸಿ ಮೆತ್ತಗಾಗಿಸಿ, ಅದರೊಂದಿಗೆ ನೆನೆಸಿದ ಕಡಲೆಕಾಯಿ ಹಿಂಡಿ ಮತ್ತು ಗೋಧಿ ಬೂಸವನ್ನು ದಿನಕ್ಕೆ ಮೂರು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡುವುದು ಒಳ್ಳೆಯ ಕ್ರಮ. ತೋಟದ ನೆರಳಿಗೆ ಬೆಳೆಸಿದ ಹಾಲುವಾಣದ ಎಲೆ ಮೃದುವಾದ, ಪ್ರೋಟೀನ್ ಇರುವ ಸೊಪ್ಪು. ಹಲಸಿನ ಎಲೆಯನ್ನೂ ಕುರಿ ಇಷ್ಟಪಟ್ಟು ತಿನ್ನುತ್ತದೆ. ಲಂಟಾನ ಮಾತ್ರ ಕತ್ತರಿಸಿದ ಸೊಪ್ಪಿನೊಂದಿಗೆ ಬರದಂತೆ ನೋಡಿಕೊಳ್ಳಬೇಕು, ಅದು ಯಕೃತ್ತನ್ನು ಕೆಡಿಸಿ ಬಿಸಿಲಿಗೆ ಮುಖ, ಕಿವಿಗಳ ಚರ್ಮ ಸುಲಿಯುವಂತೆ ಮಾಡುತ್ತದೆ. ಹೊಸ ತಿಂಡಿಯನ್ನು ಐವತ್ತು ಗ್ರಾಂನಿಂದ ಆರಂಭಿಸಿ ಹತ್ತು ಹದಿನೈದು ದಿನಗಳಲ್ಲಿ ಏರಿಸಬೇಕು. ಸೊರಗಿದ ಕುರಿಯ ಮೇಲಿನ ಮರುಕದಿಂದ ಒಂದೇ ದಿನ ಬಟ್ಟಲು ತುಂಬ ಅನ್ನ, ಅಕ್ಕಿ ನುಚ್ಚು ಅಥವಾ ಹಬ್ಬದ ಪಾಯಸ ಇಟ್ಟು ಕೊಂದವರಿದ್ದಾರೆ. ಮಳೆಗಾಲದ ಆರಂಭದಲ್ಲಿ ಕೆಳಗೆ ಬಿದ್ದ ಹಲಸಿನ ಹಣ್ಣನ್ನು ತಾನೇ ಹೊಟ್ಟೆಬಿರಿಯ ತಿಂದ ಕುರಿಗೂ ಅದೇ ಗತಿ. ಪಿಷ್ಟ ಮತ್ತು ಸಕ್ಕರೆ ಮೊದಲ ಹೊಟ್ಟೆಯಲ್ಲಿ ಬೇಗನೆ ಹುಳಿತು ಆಮ್ಲವಾಗಿ, ಮೆಲುಕು ನಿಂತು, ಕುರಿ ಹಲ್ಲು ಕಡಿಯುತ್ತಾ ಮಲಗಿಬಿಡುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಡುವ ಸ್ಥಿತಿ. ಟಗರಿಗೆ, ಅದರಲ್ಲೂ ಬೀಜ ಒಡೆದ ಟಗರಿಗೆ, ಬರೀ ಬೂಸವನ್ನೇ ಹೆಚ್ಚಾಗಿ ಹಾಕಿದರೆ ಮೂತ್ರದಲ್ಲಿ ಕಲ್ಲು ಕಟ್ಟುವ ಅಪಾಯವೂ ಇದೆ.

ಮುದಿ ಕುರಿ ತಿನ್ನುವುದು ನಿಧಾನ. ಹರೆಯದವು ಅದನ್ನು ತಳ್ಳಿ ತಿಂದು ಮುಗಿಸುತ್ತವೆ. ಆದ್ದರಿಂದ ಅದಕ್ಕೆ ಬೇರೆಯಾಗಿಯೇ ಹಾಕಬೇಕು, ಆದರೆ ಒಂಟಿಯಾಗಿ ಕಟ್ಟಬಾರದು. ಮಂದೆಯಿಂದ ಬೇರ್ಪಟ್ಟ ಕುರಿ ಆ ಗಾಬರಿಗೇ ಮೇವು ಬಿಡುತ್ತದೆ, ಜೊತೆಗೆ ಇನ್ನೊಂದು ಸೌಮ್ಯ ಕುರಿ ಇರಲಿ. ಹೆಣ್ಣು ಕುರಿಗೆ ಏಳರ ಮೇಲೆ ಟಗರನ್ನು ಬಿಡದಿರುವುದೂ ಆರೈಕೆಯ ಭಾಗವೇ. ಐದು ತಿಂಗಳ ಗರ್ಭದ ಕೊನೆಯ ದಿನಗಳಲ್ಲಿ ಸವೆದ ಹಲ್ಲಿನ ತಾಯಿಗೆ ತನಗೂ ಮರಿಗೂ ಸಾಲುವಷ್ಟು ತಿನ್ನಲಾಗದೆ, ಮೈಯ ಕೊಬ್ಬೇ ಕರಗಿ ವಿಷವಾಗುವ ಸಂಭವವಿರುತ್ತದೆ.

ಇನ್ನು ತಾಮ್ರದ ಮಾತು. ಕಾಫಿ, ಮೆಣಸಿನ ನಾಡಿನಲ್ಲಿ ಕುರಿ ಸಾಕುವವರು ಇದನ್ನು ಬೇರೆಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕು, ಆದರೆ ಇದರ ಬಗ್ಗೆ ಮಾತಾಡುವವರೇ ಕಡಿಮೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಕಾಫಿಯ ಎಲೆತುಕ್ಕು ರೋಗಕ್ಕೆ ಶೇಕಡಾ 0.5ರ, ಮೆಣಸಿನ ಸೊರಗು ರೋಗಕ್ಕೆ ಶೇಕಡಾ 1ರ ಪ್ರಮಾಣದಲ್ಲಿ ಮುಂಗಾರಿಗೆ ಮುಂಚೆಯೂ ಆಮೇಲೂ ಸಿಂಪಡಿಸುತ್ತೇವೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ದನ, ಹಂದಿಗಳು ತಡೆದುಕೊಳ್ಳುವಷ್ಟು ತಾಮ್ರ ಕುರಿಗೆ ವಿಷ, ಏಕೆಂದರೆ ಅದು ಹೆಚ್ಚುವರಿ ತಾಮ್ರವನ್ನು ಹೊರಹಾಕಲಾರದೆ ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕಿಲೋ ಒಣ ಆಹಾರಕ್ಕೆ 15ರಿಂದ 20 ಮಿಲಿಗ್ರಾಂ ತಾಮ್ರ ದೀರ್ಘಕಾಲ ಸಿಗುತ್ತಾ ಹೋದರೂ ಕುರಿಗೆ ಅಪಾಯವಾಗಬಹುದು. ಸಿಂಪಡಣೆಯಾದ ಮೆಣಸಿನ ಬಳ್ಳಿಯ ಬುಡದ ಹುಲ್ಲು, ಬ್ಯಾರಲ್ ತೊಳೆದ ನೀರು ಹರಿದ ಜಾಗ, ಪಕ್ಕದ ಗೂಡಿನಿಂದ ಮಿಕ್ಕಿದ ಹಂದಿಯ ತಿಂಡಿ, ದನಕ್ಕೆಂದು ತಂದ ಖನಿಜ ಮಿಶ್ರಣ ಇವೆಲ್ಲ ತಾಮ್ರದ ಮೂಲಗಳೇ.

ವರ್ಷಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಬಳಿಕ ಒಂದು ಚಳಿಮಳೆ, ಒಂದು ದಿನದ ಉಪವಾಸ, ಪಿಕಪ್ಪಿನಲ್ಲಿ ಒಂದು ಪ್ರಯಾಣ, ಇಂಥ ಯಾವುದೋ ಒತ್ತಡದಲ್ಲಿ ಕೂಡಿಟ್ಟ ತಾಮ್ರ ಒಮ್ಮೆಲೇ ರಕ್ತಕ್ಕೆ ಇಳಿದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಣ್ಣಿನ ಬಿಳಿಭಾಗ ಹಳದಿಯಾಗಿ, ಮೂತ್ರ ಕಪ್ಪುಕಾಫಿಯ ಬಣ್ಣಕ್ಕೆ ತಿರುಗಿ, ಕುರಿ ಒಂದೆರಡು ದಿನದಲ್ಲಿ ಸಾಯುತ್ತದೆ. ಹಿಂದಿನ ದಿನದವರೆಗೆ ಓಡಾಡಿಕೊಂಡಿದ್ದ ಹಳೆಯ ಕುರಿ ಹೀಗೆ ಹೋದಾಗ ಹಾವು ಕಚ್ಚಿತೆಂದು ಹೇಳುವವರೂ ಇದ್ದಾರೆ. ಮೊದಲೇ ಪತ್ತೆಯಾದರೆ ಪಶುವೈದ್ಯರು ಮಾಲಿಬ್ಡಿನಂ ಇರುವ ಔಷಧಿಯಿಂದ ತಾಮ್ರವನ್ನು ಇಳಿಸಬಲ್ಲರು, ಮೂತ್ರ ಕಪ್ಪಾದ ಮೇಲೆ ಉಳಿಯುವುದು ಅಪರೂಪ. ಸಿಂಪಡಿಸಿದ ತೋಟದ ಹುಲ್ಲನ್ನು ಆ ಮಳೆಗಾಲ ಕುರಿಗೆ ತಾರದಿರುವುದು, ಕುರಿಗೆಂದೇ ತಯಾರಾದ ಖನಿಜ ಮಿಶ್ರಣವನ್ನಷ್ಟೇ ಕೊಡುವುದು, ಹಿಂದಿನವರ ರೂಢಿಯೆಂದು ಮೈಲುತುತ್ತದ ನೀರನ್ನು ಜಂತಿಗೆ ಕುಡಿಸದಿರುವುದು, ಇಷ್ಟಾದರೂ ನಮ್ಮ ಕೈಯಲ್ಲಿದೆ.

ಗೊರಸಿನ ಸ್ನಾನಕ್ಕೂ ಇದೇ ಮಾತು ಅನ್ವಯಿಸುತ್ತದೆ, ಅಲ್ಲೂ ಮೈಲುತುತ್ತ ಬೇಡ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೆಸರಿನಲ್ಲಿ ನಿಂತ ಗೊರಸಿನ ಸಂದು ಮೆತ್ತಗಾಗಿ, ಬ್ಯಾಕ್ಟೀರಿಯಾ ಹೊಕ್ಕು, ಗೊರಸಿನ ಅಟ್ಟೆ ಒಳಗಿನ ಮಾಂಸದಿಂದ ಬಿಡಿಸಿಕೊಳ್ಳುತ್ತದೆ. ಮುಂಗಾಲು ಮಡಚಿ ಮಂಡಿಯೂರಿ ಮೇಯುವ ಕುರಿಯ ಗೊರಸನ್ನು ಎತ್ತಿ ಮೂಸಿದರೆ ಕೊಳೆತ ವಾಸನೆ ಬರುತ್ತದೆ. ಇಂಥದ್ದಕ್ಕೆ ಶೇಕಡಾ 10ರ ಸತುವಿನ ಸಲ್ಫೇಟ್ ದ್ರಾವಣದಲ್ಲಿ ಕಾಲು ನಿಲ್ಲಿಸಿ, ನಂತರ ಒಣ ನೆಲದಲ್ಲಿ ಬಿಡುವುದು ಕುರಿಗೆ ಸುರಕ್ಷಿತ. ಬೆಳೆದ ಗೊರಸನ್ನು ಬೇಸಿಗೆಯಲ್ಲೇ ಕತ್ತರಿಸಿರಬೇಕು, ಗೊರಸು ಕೊಳೆತು ನೋಯುತ್ತಿರುವಾಗ ಆಳವಾಗಿ ಕೆತ್ತಬಾರದು. ಕೊಟ್ಟಿಗೆಯ ನೆಲ ಒಣಗಿರಬೇಕು, ಗಾಳಿಯಾಡಬೇಕು, ಎರಚಲು ಮಾತ್ರ ಒಳಕ್ಕೆ ಬರಬಾರದು. ಆಡಿಗೆಂದು ಕಟ್ಟಿದ ಅಟ್ಟಣಿಗೆಯ ಗೂಡು ಒಣ ನೆಲವನ್ನೇನೋ ಕೊಡುತ್ತದೆ, ಆದರೆ ಕೀಲುನೋವಿನ ಮುದಿ ಕುರಿ ಅದರ ಏಣಿ ಹತ್ತಲಾರದು; ಅದಕ್ಕೆ ಕೆಳಗೇ ಎತ್ತರಿಸಿದ ನೆಲದ ಮೇಲೆ ಒಣ ತರಗು, ಭತ್ತದ ಹುಲ್ಲು ಹಾಸಿ, ಒದ್ದೆಯಾದಂತೆಲ್ಲ ಬದಲಿಸಬೇಕು. ನೊಣಕ್ಕೆಂದು ಮುಚ್ಚಿದ ಕೊಟ್ಟಿಗೆಯೊಳಗೆ ದಿನವಿಡೀ ಹೊಗೆ ಹಾಕುವುದು ಶ್ವಾಸಕೋಶಕ್ಕೆ ಹಾನಿ. ಬಾಲದ ಸುತ್ತಲಿನ ತುಪ್ಪಳವನ್ನು ಕತ್ತರಿಸಿ ಶುಚಿಯಾಗಿಟ್ಟರೆ ಅಲ್ಲಿ ಹುಳ ಬೀಳುವುದು ತಪ್ಪುತ್ತದೆ.

ಕರುಳುಬೇನೆ, ಪಿಪಿಆರ್ (ಕುರಿ, ಆಡುಗಳಿಗೆ ಬರುವ ವೈರಸ್ ರೋಗ), ನೀಲಿನಾಲಿಗೆ ಲಸಿಕೆಗಳು ಮುದಿ ಕುರಿಗೂ ಬೇಕು. ಯಾವುದನ್ನು ಯಾವಾಗ ಹಾಕಿಸಬೇಕೆಂದು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ ತಿಳಿಯಬಹುದು.

ಕುರಿ ನೋವನ್ನು ತೋರಿಸಿಕೊಳ್ಳದ ಪ್ರಾಣಿ. ಕಿವಿ ಇಳಿಬಿಟ್ಟು ದೂರ ನಿಲ್ಲುವುದು, ಹಲ್ಲು ಕಡಿಯುವುದು, ಏಳಲು ಎರಡು ಮೂರು ಸಲ ಯತ್ನಿಸುವುದು, ಮೆಲುಕು ಕಡಿಮೆಯಾಗುವುದು, ಇವೇ ಅದರ ಮಾತು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ, 40.5 ದಾಟಿದರೂ 38ಕ್ಕಿಂತ ಇಳಿದರೂ ವೈದ್ಯರನ್ನು ಕರೆಯಬೇಕು. ಕರ್ನಾಟಕದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಕೀಲುನೋವಿಗೆ ಮೆಲಾಕ್ಸಿಕ್ಯಾಮ್‌ನಂಥ ಔಷಧಿಯನ್ನು ವೈದ್ಯರು ಬರೆದುಕೊಡುತ್ತಾರೆ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಬಾರದು. ಡೈಕ್ಲೋಫೆನಾಕ್‌ ಅನ್ನು ಪ್ರಾಣಿಗಳಿಗೆ ಬಳಸುವುದನ್ನು ಭಾರತ 2006ರಲ್ಲೇ ನಿಷೇಧಿಸಿತು, ಏಕೆಂದರೆ ಆ ಔಷಧಿ ಉಳಿದ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ನಾಗರಹೊಳೆಯನ್ನು ಬೆನ್ನಿಗಿಟ್ಟುಕೊಂಡಿರುವ ನಾವು ಇದನ್ನು ಮರೆಯುವಂತಿಲ್ಲ.

ಕುರಿ ಮೇಲೇಳದಂತಾದರೆ ಮೊದಲು ಮಾಡಬೇಕಾದದ್ದು ಅದನ್ನು ಎದೆಯ ಮೇಲೆ ಕೂರಿಸುವುದು. ಪಕ್ಕಕ್ಕೆ ಅಥವಾ ಬೆನ್ನಿನ ಮೇಲೆ ಬಿದ್ದ ಕುರಿಗೆ ಹೊಟ್ಟೆಯ ಗಾಳಿಯನ್ನು ತೇಗಿ ಹೊರಹಾಕಲಾಗುವುದಿಲ್ಲ. ಹೊಟ್ಟೆ ಉಬ್ಬಿ ಎದೆಗೆ ಒತ್ತಿದರೆ ಅದು ಕೆಲವೇ ಗಂಟೆಗಳಲ್ಲಿ ಉಸಿರುಕಟ್ಟಿ ಸಾಯಬಹುದು. ಎರಡೂ ಬದಿಗೆ ಹುಲ್ಲು ತುಂಬಿದ ಗೋಣಿಚೀಲ ಒತ್ತಿಟ್ಟು, ಎರಡು ಮೂರು ಗಂಟೆಗೊಮ್ಮೆ ಬದಿ ಬದಲಿಸಿ, ಕಾಲು ನೀವಿ, ದಿನಕ್ಕೆ ನಾಲ್ಕಾರು ಸಲ ಹೊಟ್ಟೆಯಡಿ ಬಟ್ಟೆ ಕೊಟ್ಟು ಎತ್ತಿ ನಿಲ್ಲಿಸಬೇಕು. ನೀರು, ಮೇವು ಅದರ ಮೂತಿಗೆ ಎಟಕುವಂತಿರಲಿ. ಗೊಟ್ಟದಲ್ಲಿ ಔಷಧಿ ಹಾಕುವಾಗ ತಲೆಯನ್ನು ಮೇಲಕ್ಕೆತ್ತಿ ಸುರಿಯುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು, ದ್ರವ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮೂತಿ ನೆಲಕ್ಕೆ ಸಮಾನಾಂತರವಾಗಿರಬೇಕು, ಕೆನ್ನೆಯ ಬದಿಯಿಂದ ಗುಟುಕುಗುಟುಕಾಗಿ ಹಾಕಬೇಕು. ನುಂಗುವ ಶಕ್ತಿಯೇ ಇಲ್ಲದ ಕುರಿಗೆ ಬಾಯಿಂದ ಏನನ್ನೂ ಹಾಕಬಾರದು.

ಎರಡು ಮೂರು ದಿನದ ಇಂಥ ಶುಶ್ರೂಷೆಯ ಬಳಿಕವೂ ಅದು ತಾನಾಗಿ ತಿನ್ನದಿದ್ದರೆ, ಮೆಲುಕು ಮರಳದಿದ್ದರೆ, ಮಲಗಿದ ಬದಿಯ ಚರ್ಮ ಹುಣ್ಣಾಗತೊಡಗಿದರೆ, ಮುಂದಿನ ನಿರ್ಧಾರವನ್ನು ವೈದ್ಯರೊಂದಿಗೆ ಕೂತು ತೆಗೆದುಕೊಳ್ಳಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು, ಬದುಕಿಸಿಡುವುದೇ ಹಿಂಸೆಯಾಗುವಂಥ ಸ್ಥಿತಿಯಲ್ಲಿರುವ ಪ್ರಾಣಿಗೆ ಸಾವು ಕೊಡಲು ಅವಕಾಶ ನೀಡುತ್ತದೆ. ‘ತಾನಾಗಿ ಹೋಗಲಿ’ ಎಂದು ವಾರಗಟ್ಟಲೆ ಕಾಯುವುದಕ್ಕಿಂತ ವೈದ್ಯರ ಸೂಜಿಯಿಂದ ನೋವಿಲ್ಲದೆ ಹೋಗುವುದು ಮೇಲೆಂದು ನನ್ನ ಅಭಿಪ್ರಾಯ. ಉಳಿದ ಕುರಿಗಳಿದ್ದರೆ ಮರಣೋತ್ತರ ಪರೀಕ್ಷೆಗೂ ಕೇಳಿಕೊಳ್ಳಬೇಕು. ಯಕೃತ್ತಿನ ಬಣ್ಣ, ನಾಲ್ಕನೆಯ ಹೊಟ್ಟೆಯ ಹುಳು, ದವಡೆಯ ಸ್ಥಿತಿ ಇವು ಮುಂದಿನ ಕುರಿಗೆ ಏನು ಮಾಡಬೇಕೆಂದು ಹೇಳುತ್ತವೆ. ಆದರೆ ಕುರಿ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದ್ವಾರಗಳಿಂದ ಕಪ್ಪು ರಕ್ತ ಒಸರುತ್ತಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಶಂಕೆಯಿರುವುದರಿಂದ ಯಾರೂ ಅದನ್ನು ಕೊಯ್ಯಬಾರದು, ವೈದ್ಯರಿಗೆ ತಿಳಿಸಬೇಕು. ಔಷಧಿ ಕೊಟ್ಟು ಸಾಯಿಸಿದ ಕಳೇಬರವನ್ನು ತೋಟದಂಚಿಗೆ ಎಸೆದರೆ ನಾಯಿ, ಚಿರತೆ, ಹದ್ದುಗಳಿಗೆ ವಿಷ ಉಣಿಸಿದಂತಾಗುತ್ತದೆ. ಆರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ, ಬಾವಿ ಮತ್ತು ತೋಡಿನಿಂದ ದೂರ, ಮಳೆನೀರು ಕೊಚ್ಚದ ಇಳಿಜಾರಿಲ್ಲದ ಜಾಗದಲ್ಲಿ ಹೂಳಿ, ಮೇಲೆ ಕಲ್ಲು ಹೇರಬೇಕು.